ಎರಡೂಮುಕ್ಕಾಲು ವರ್ಷದ ಮಗಳು ಫ್ಲವರ್ ಗರ್ಲ್ ಆಗಬೇಕಂತೆ, ಒಪ್ಪಿಕೊಂಡು ತಪ್ಪು ಮಾಡಿದೆನಾ?

ಚಿನ್ನುವಿನಮ್ಮ

ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನನ್ನ ಜೊತೆ ಕೆಲಸ ಮಾಡುವ ಗೆಳತಿಯ ಮದುವೆ ಮೇ ತಿಂಗಳಲ್ಲಿ ಮಂಗಳೂರಿನಲ್ಲಿದೆ. ಅವಳು ಮಂಗಳೂರು ಕ್ಯಾಥೊಲಿಕ್. ಸಂಜೆ ನಾಲ್ಕಕ್ಕೆ ಚರ್ಚಿನಲ್ಲಿ ಮದುವೆ, ಆಮೇಲೆ ಹಾಲ್‌ನಲ್ಲಿ ರಿಸೆಪ್ಷನ್. ನಾವು ಹಾಸನದ ಕಡೆಯವರು, ಇರುವುದು ಬೆಂಗಳೂರಿನಲ್ಲಿ. ಚರ್ಚ್ ಮದುವೆಯನ್ನು ನಾನು ಇದುವರೆಗೆ ನೋಡಿಯೇ ಇಲ್ಲ. ಊಟದ ಹೊತ್ತಿಗೆ ಹಾಲ್‌ಗೆ ಹೋಗಿ ಕೈಕುಲುಕಿ ಬಂದಿದ್ದೇನೆ, ಅಷ್ಟೇ.

ಹೋದ ವಾರ ಅವಳು ಮನೆಗೆ ಬಂದಿದ್ದಳು. ಚಿನ್ನು ಅವಳ ತೊಡೆ ಹತ್ತಿ ಕೂತು ಅವಳ ಕಿವಿಯ ಓಲೆ ಎಳೆಯುತ್ತಿದ್ದಳು. ಅಷ್ಟರಲ್ಲೇ ಗೆಳತಿ "ಇವಳೇ ನನ್ನ ಫ್ಲವರ್ ಗರ್ಲ್" ಅಂದುಬಿಟ್ಟಳು. ಅಂದರೆ ಚರ್ಚಿನಲ್ಲಿ ಮದುಮಗಳ ಮೆರವಣಿಗೆಯಲ್ಲಿ ಹೂವಿನ ಬುಟ್ಟಿ ಹಿಡಿದು ನಡೆಯುವ ಪುಟ್ಟ ಹುಡುಗಿ. ನಾನೂ ಖುಷಿಯಲ್ಲಿ ಹೂಂ ಅಂದೆ. ರಾತ್ರಿ ಮಲಗಿದಾಗ ಯೋಚನೆ ಶುರುವಾಯಿತು ನೋಡಿ.

ಇವಳು ಮನೆಯಲ್ಲಿ ಹುಲಿ. ನಾಲ್ಕು ಜನ ಹೊಸಬರು ಬಂದರೆ ನನ್ನ ಚೂಡಿದಾರದೊಳಗೆ ತಲೆ ತೂರಿಸುತ್ತಾಳೆ. ನಾದಿನಿ ಮಗುವಿನ ನಾಮಕರಣದಲ್ಲಿ ವಾಲಗ ಶುರುವಾದ ಕೂಡಲೇ ಊಟದ ಟೇಬಲ್ ಕೆಳಗೆ ಹೋಗಿ ಕೂತವಳು, ಹೋಳಿಗೆ ತೋರಿಸಿದರೂ ಹೊರಗೆ ಬರಲಿಲ್ಲ. ಇಂಥವಳು ಗೊತ್ತಿಲ್ಲದ ಐನೂರು ಜನರ ನಡುವೆ ಬುಟ್ಟಿ ಹಿಡಿದು ಒಬ್ಬಳೇ ನಡೆಯುತ್ತಾಳಾ?

ಇನ್ನೊಂದು ತಲೆನೋವು ಬಟ್ಟೆಯದು. ವಾಟ್ಸಾಪ್‌ನಲ್ಲಿ ಗೌನಿನ ಫೋಟೋ ಬಂದಿದೆ. ನೆಲ ಗುಡಿಸುವಷ್ಟು ಉದ್ದ, ಪೂರ್ತಿ ನೆಟ್, ಎದೆಯ ಮೇಲೆಲ್ಲ ಮುತ್ತು. ಬೆಲೆ 6,500 ರೂಪಾಯಿ. ಇದನ್ನು ನಾವು ಕೊಳ್ಳಬೇಕಾ, ಅವರು ಕೊಡಿಸುತ್ತಾರಾ? ಕೇಳಿದರೆ ಜಿಪುಣಿ ಅಂದುಕೊಳ್ಳುತ್ತಾರೆ ಅಂತ ಸಂಕೋಚ, ಕೇಳದೇ ಇದ್ದರೆ ಅವರೂ ಒಂದು ತಂದು ನಾವೂ ಒಂದು ತಂದು ಎರಡು ಗೌನ್ ಆದರೆ ಏನು ಕಥೆ. ಗೌನ್ ನಾವು ಕೊಂಡರೆ ಮುಯ್ಯಿ ಬೇರೆ ಕೊಡಬೇಕಾ? ಚರ್ಚ್ ಒಳಗೆ ನಾವು ಎಲ್ಲಿ ಕೂರಬೇಕು? ನಾವು ಹಿಂದೂಗಳು, ಅದಕ್ಕೆ ಏನೂ ತೊಂದರೆ ಇಲ್ವಾ? ಅತ್ತೆ ಬೇರೆ, "ಅವರ ಮದುವೆಯಲ್ಲಿ ನಮ್ಮ ಮಗು ಏನು ಮಾಡಬೇಕು?" ಅಂತ ದಿನಾ ಕೇಳುತ್ತಿದ್ದಾರೆ. ಎಲ್ಲಕ್ಕಿಂತ ಮುಖ್ಯ, ಅವಳು ಅತ್ತರೆ ಏನು ಮಾಡುವುದು?

ಅನುಭವ ಇರುವವರು ಹೇಳಿ.

ಬೆಂದೂರು ಆಂಟಿ

ಚಿನ್ನುವಿನಮ್ಮ, ನೀವು ಹೂಂ ಅಂದದ್ದು ತಪ್ಪಲ್ಲ. ಆದರೆ ಇವತ್ತೇ ಮದುಮಗಳಿಗೆ ಒಂದು ಫೋನ್ ಮಾಡಿ. ಮೆಸೇಜ್ ಅಲ್ಲ, ಫೋನ್. "ಮಗು ನಡೆದರೆ ನಡೆಯಿತು, ಇಲ್ಲದಿದ್ದರೆ ನಾನು ಎತ್ತಿಕೊಂಡು ಬದಿಗೆ ಹೋಗುತ್ತೇನೆ, ಅವತ್ತು ಯಾರೂ ಅವಳನ್ನು ದೂಡಬಾರದು" ಅಂತ ಹೇಳಿ. ಅದೇ ಉಸಿರಿನಲ್ಲಿ ಬಟ್ಟೆ ಯಾರದು ಅಂತ ಕೇಳಿ. ಈಗ ಕೇಳಿದರೆ ಅದು ವಿಚಾರಣೆ. ಮದುವೆಗೆ ಹತ್ತು ದಿನ ಇರುವಾಗ ಕೇಳಿದರೆ ಅದೇ ಜಗಳ.

ನಾನು ಚರ್ಚಿನ ಕೊಯರ್‌ನಲ್ಲಿ ಇಪ್ಪತ್ತೈದು ವರ್ಷ ಹಾಡಿದವಳು. ಮೇಲೆ ನಿಂತರೆ ನಡುವಿನ ದಾರಿ ಪೂರ್ತಿ ಕಾಣುತ್ತದೆ. ಎಷ್ಟು ಮಕ್ಕಳು ಅಲ್ಲೇ ದಾರಿಯಲ್ಲಿ ಕೂತದ್ದು, ಎಷ್ಟು ಮಕ್ಕಳು ತಿರುಗಿ ಓಡಿದ್ದು, ಲೆಕ್ಕ ಇಲ್ಲ. ಒಂದು ಸಲ ಮಗು ಬಾಗಿಲಲ್ಲೇ ಬೇರು ಬಿಟ್ಟ ಹಾಗೆ ನಿಂತಿತ್ತು. ನಮ್ಮ ಪ್ರವೇಶದ ಹಾಡು ಮುಗಿಯಿತು, ಮದುಮಗಳು ಇನ್ನೂ ಹೊರಗೆ! ಮತ್ತೆ ಮೊದಲಿನಿಂದ ಹಾಡಿದೆವು. ಆ ಜೋಡಿಗೆ ಈಗ ಮೂರು ಮಕ್ಕಳು, ಎಂತದೂ ಆಗಲಿಲ್ಲ.

ನಾನು ನೋಡಿದ ಮನೆಗಳಲ್ಲಿ ಹೆಚ್ಚಾಗಿ ಮದುಮಗಳ ಕಡೆಯವರೇ ಫ್ಲವರ್ ಗರ್ಲ್ ಬಟ್ಟೆ ಹೊಲಿಸುತ್ತಾರೆ. ಬ್ರೈಡ್ಸ್‌ಮೇಡ್, ಅಂದರೆ ಮದುಮಗಳ ಜೊತೆಗಾತಿಯರ ಗೌನಿನ ಬಣ್ಣಕ್ಕೆ ಹೊಂದಬೇಕಲ್ಲ, ಹಾಗಾಗಿ ಬಟ್ಟೆ ಅವರೇ ಒಟ್ಟಿಗೆ ತೆಗೆದುಬಿಡುತ್ತಾರೆ. ಶೂ, ಸಾಕ್ಸ್, ತಲೆಯ ಬ್ಯಾಂಡು ಮಗುವಿನ ಮನೆಯದು. ಆದರೆ ಎಲ್ಲ ಮನೆ ಒಂದೇ ಥರ ಅಲ್ಲ. ಅದಕ್ಕೇ ಕೇಳಿ ಅಂದದ್ದು. ಮುಯ್ಯಿ ಎಲ್ಲ ಅತಿಥಿಗಳ ಹಾಗೆ ನಿಮ್ಮ ಇಷ್ಟ. ಮಗು ನಡೆದದ್ದಕ್ಕೆ ಅದರಲ್ಲಿ ರಿಯಾಯಿತಿಯೂ ಇಲ್ಲ, ಜಾಸ್ತಿಯೂ ಇಲ್ಲ.

ಇನ್ನು ಚರ್ಚ್ ಒಳಗಿನ ಸಂಗತಿ. ಹಿಂದೂಗಳು ಬರುವುದಕ್ಕೆ ಏನೂ ಅಡ್ಡಿ ಇಲ್ಲ, ನಮ್ಮ ಮದುವೆಗಳಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಇರುತ್ತಾರೆ. ಚಪ್ಪಲಿ ಹೊರಗೆ ಬಿಡಬೇಕಿಲ್ಲ. ಪೂಜೆ ಒಂದು ಗಂಟೆ, ಪಾದ್ರಿಗಳ ಪ್ರಸಂಗ ಉದ್ದ ಆದರೆ ಇನ್ನೂ ಜಾಸ್ತಿ. ಮೊದಲು ಮೆರವಣಿಗೆ, ಅದರಲ್ಲೇ ನಿಮ್ಮ ಮಗಳು. ಆಮೇಲೆ ಬೈಬಲ್ ವಾಚನ, ಪ್ರಸಂಗ, ಜೋಡಿಯ ಒಪ್ಪಿಗೆಯ ಮಾತು, ಉಂಗುರ, ಹೆಚ್ಚಿನ ಮದುವೆಗಳಲ್ಲಿ ಕರಿಮಣಿಯೂ ಉಂಟು. ಹೌದು, ನಮ್ಮಲ್ಲೂ ಕರಿಮಣಿ ಉಂಟು, ನಿಮ್ಮ ಅತ್ತೆಗೆ ಹೇಳಿ. ಆಮೇಲೆ ಕಾಣಿಕೆ, ಕಮ್ಯೂನಿಯನ್ (ಪಾದ್ರಿಗಳು ಪವಿತ್ರ ರೊಟ್ಟಿ ಕೊಡುವುದು), ಕೊನೆಗೆ ರಿಜಿಸ್ಟರ್‌ಗೆ ಸಹಿ. ಮಗುವಿನ ಕೆಲಸ ಮೊದಲ ಎರಡು ನಿಮಿಷ, ಮತ್ತೆ ಕೊನೆಯಲ್ಲಿ ಹೊರಗೆ ಹೋಗುವಾಗ ಎರಡು ನಿಮಿಷ. ನಡುವಿನ ಒಂದು ಗಂಟೆ ಅವಳನ್ನು ಅಲ್ತಾರೆಯ (ಪೂಜೆಯ ವೇದಿಕೆ) ಹತ್ತಿರ ಕುರ್ಚಿಯಲ್ಲಿ ಕೂರಿಸುತ್ತೇವೆ ಅಂದರೆ ಒಪ್ಪಬೇಡಿ. ಎರಡನೇ ಸಾಲಿನಲ್ಲಿ, ಪಕ್ಕದ ಬಾಗಿಲಿನ ಕಡೆಯ ಕೊನೆಯಲ್ಲಿ ಜಾಗ ಹಿಡಿದಿಡಲು ಈಗಲೇ ಹೇಳಿ. ರಗಳೆ ಶುರುವಾದರೆ ಯಾರ ಕಾಲೂ ದಾಟದೆ ಹೊರಗೆ ಹೋಗಬಹುದು. ಎಲ್ಲರೂ ಎದ್ದರೆ ಏಳಿ, ಕೂತರೆ ಕೂರಿ. ಮಂಡಿಯೂರುವಾಗ ನೀವು ಸುಮ್ಮನೆ ಕೂತಿದ್ದರೂ ಸಾಕು.

ಒಂದು ಮಾತ್ರ ನೆನಪಿಡಿ. ಕಮ್ಯೂನಿಯನ್‌ಗೆ ಜನ ಸಾಲಾಗಿ ಹೋಗುತ್ತಾರೆ. ಅದನ್ನು ಪ್ರಸಾದ ಅಂದುಕೊಂಡು ಸಾಲಿನಲ್ಲಿ ನಿಲ್ಲುವವರು ಪ್ರತಿ ಮದುವೆಯಲ್ಲೂ ಇರುತ್ತಾರೆ, ಪಾಪ ಗೊತ್ತಿಲ್ಲದೆ. ಅದು ಕ್ಯಾಥೊಲಿಕರಿಗೆ ಮಾತ್ರ. ನಮ್ಮ ಮಕ್ಕಳಿಗೂ ಫಸ್ಟ್ ಕಮ್ಯೂನಿಯನ್ ಆಗುವ ತನಕ ಕೊಡುವುದಿಲ್ಲ. ಚಿನ್ನು "ನಂಗೂ ಬೇಕು" ಅಂದರೆ ಕೊಡಲು ಬ್ಯಾಗಿನಲ್ಲಿ ಏನಾದರೂ ಇಟ್ಟುಕೊಳ್ಳಿ.

ಹೂವಿನ ಎಸಳು ಚೆಲ್ಲಲು ಕೆಲವು ಚರ್ಚ್‌ಗಳಲ್ಲಿ ಬಿಡುವುದಿಲ್ಲ. ಗ್ರಾನೈಟ್ ನೆಲದ ಮೇಲೆ ಒದ್ದೆ ಗುಲಾಬಿ ಎಸಳು ಬಿದ್ದರೆ ಜಾರುತ್ತದೆ, ಹಿಂದಿನಿಂದ ಬರುವವಳು ಹೀಲ್ಸ್ ಹಾಕಿದ ಮದುಮಗಳು. ಬುಟ್ಟಿ ಹಿಡಿದು ನಡೆದರೂ ಸಾಕು.

ಹಿಂದಿನ ದಿನ ಸಂಜೆ ರೋಸ್ ಇರುತ್ತದೆ. ಮದುಮಗಳಿಗೆ ತೆಂಗಿನಹಾಲು, ಎಣ್ಣೆ ಹಚ್ಚುವುದು, ನಿಮ್ಮ ಅರಿಶಿನದ ಶಾಸ್ತ್ರದ ಹಾಗೆ. ಕರೆದರೆ ಹೋಗಿ, ಮಗುವಿನ ಕೈಯಿಂದಲೂ ಒಂದು ಹನಿ ಹಚ್ಚಿಸಿ, ಮನೆಯವರ ಮುಖ ಪರಿಚಯ ಆಗುತ್ತದೆ. ಎಂಟೂವರೆಗೆ ಎದ್ದು ಬನ್ನಿ. ಹಾಡು, ಕುಣಿತ ಮಧ್ಯರಾತ್ರಿ ತನಕ ನಡೆಯುತ್ತದೆ, ಅದು ನಿಮಗಲ್ಲ.

ಕಳಸ ಹಿಡಿದವಳು

ನಿಮ್ಮ ಅತ್ತೆಗೆ ಕಳಸಗಿತ್ತಿ ಅಂತ ಹೇಳಿ, ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ.

ನಾನು ಏಳು ವರ್ಷಕ್ಕೆ ಚಿಕ್ಕಮ್ಮನ ಮದುವೆಯಲ್ಲಿ ಕಳಸ ಹಿಡಿದಿದ್ದೆ. ಚೊಂಬಿನ ತುಂಬ ನೀರು, ಮೇಲೆ ವೀಳ್ಯದೆಲೆ, ಅದರ ಮೇಲೆ ತೆಂಗಿನಕಾಯಿ. ಎಷ್ಟು ಭಾರ ಗೊತ್ತಾ? ಬೆಳಗಿನ ಜಾವದ ಮುಹೂರ್ತ, ಖಾಲಿ ಹೊಟ್ಟೆ, ಹೋಮದ ಹೊಗೆ ನೇರ ಕಣ್ಣಿಗೆ. "ಅಲ್ಲಾಡಬೇಡ, ಕಾಯಿ ಬಿದ್ದರೆ ಅಪಶಕುನ" ಅಂತ ಹಿಂದಿನಿಂದ ಯಾರೋ ದೊಡ್ಡವರು ಗದರಿಸುತ್ತಲೇ ಇದ್ದರು. ಆ ಮದುವೆಯ ಬಗ್ಗೆ ನನಗೆ ನೆನಪಿರುವುದು ಕಾಯಿ ಬೀಳುತ್ತದೇನೋ ಅನ್ನುವ ಭಯ ಒಂದೇ. ಫೋಟೋದಲ್ಲಿ ನೋಡಿದರೆ ನನ್ನ ಮುಖ ಪರೀಕ್ಷೆ ಬರೆಯುವವರ ಥರ ಇದೆ.

ಅದಕ್ಕೆ ಹೇಳುತ್ತಿದ್ದೇನೆ. ಬುಟ್ಟಿ ಹಗುರ ಇರಲಿ. "ಬೀಳಿಸಬೇಡ" "ಅಳಬೇಡ" "ಚೆನ್ನಾಗಿ ನಡಿ" ಈ ಮೂರು ಮಾತನ್ನು ಮನೆಯಲ್ಲಿ ಯಾರೂ ಆಡದ ಹಾಗೆ ನೋಡಿಕೊಳ್ಳಿ. ನೆಂಟರು ಅಂತೂ ಆಡಿಯೇ ಆಡುತ್ತಾರೆ, ಅದು ಬೇರೆ.

ನಮ್ಮ ಮನೆಯಲ್ಲಿ ಕಳಸದ ಹುಡುಗಿಗೆ ಲಂಗ ರವಿಕೆ ಹೆಣ್ಣಿನ ಕಡೆಯವರದೇ. ನನ್ನದು ಹಸಿರು ಲಂಗ, ಕೆಂಪು ಅಂಚು. ಅದು ಮಾತ್ರ ಇನ್ನೂ ಇಟ್ಟುಕೊಂಡಿದ್ದೇನೆ.

ಮುಂಗೋಪಿ ಅಪ್ಪ

ಎಲ್ಲರೂ ಸಿಹಿ ಸಿಹಿ ಮಾತಾಡುತ್ತಿದ್ದೀರಿ, ನಾನು ಕಹಿ ಹೇಳುತ್ತೇನೆ. ಬೇಡ ಅಂದುಬಿಡಿ. ನಾಲ್ಕು ವರ್ಷ ತುಂಬದ ಮಗುವಿಗೆ ಇದೆಲ್ಲ ಬೇಕಾಗಿಲ್ಲ.

ನನ್ನ ಮಗಳಿಗೆ ಆಗ ಮೂರು. ಬೆಂಗಳೂರಿನಲ್ಲೇ, ನೆಂಟರ ಮದುವೆ. ಮಧ್ಯಾಹ್ನ ಎರಡಕ್ಕೆ ಮೇಕಪ್ ಅಂತ ಕರೆಸಿದರು. ಎರಡು! ಅದು ಅವಳು ಮಲಗುವ ಹೊತ್ತು. ಕೂದಲಿಗೆ ಅರ್ಧ ಡಬ್ಬಿ ಸ್ಪ್ರೇ. ಗೌನಿನ ನೆಟ್ ಚುಚ್ಚಿ ಕಂಕುಳಲ್ಲಿ ಕೆಂಪು ಗೀರು ಬಂದಿತ್ತು, ರಾತ್ರಿ ಬಿಚ್ಚಿದಾಗ ನೋಡಿದೆವು. ನಡೆಯುವುದನ್ನೇನೋ ಚೆನ್ನಾಗಿಯೇ ನಡೆದಳು. ಆಮೇಲೆ ರಿಸೆಪ್ಷನ್‌ಗೆ ಜೋಡಿಯ ಮುಂದೆ ಮತ್ತೊಂದು ಸಲ ನಡೆಸಬೇಕು ಅಂದರು. ಒಂದು ಗಂಟೆ ಬಾಗಿಲ ಹೊರಗೆ ನಿಲ್ಲಿಸಿದರು. ಒಳಗೆ ಕಾಲಿಟ್ಟ ಕೂಡಲೇ ಎರಡೂ ಕಡೆಯಿಂದ ಪಾರ್ಟಿ ಪಾಪರ್ ಢಂ ಅಂತ ಸಿಡಿಸಿದರು. ಕಿವಿ ಹತ್ತಿರ. ಒಂದು ಮಾತು ಮೊದಲೇ ಹೇಳಿರಲಿಲ್ಲ. ಆಮೇಲೆ ಒಂದು ವರ್ಷ ಬಲೂನ್ ಕಂಡರೆ ಅಳುತ್ತಿದ್ದಳು.

ಊಟ ಒಂಬತ್ತೂವರೆಗೆ. ಮಗು ಅಷ್ಟರಲ್ಲಿ ಕುರ್ಚಿ ಮೇಲೆ ಶೂ ಸಮೇತ ಮಲಗಿತ್ತು. ಅದನ್ನೂ ಯಾರೋ ಫೋಟೋ ತೆಗೆದು ಗ್ರೂಪಿಗೆ ಹಾಕಿ "ಸೋ ಕ್ಯೂಟ್" ಅಂದರು.

ದೊಡ್ಡವರ ಆಲ್ಬಂ ಚೆನ್ನಾಗಿ ಕಾಣಲಿ ಅಂತ ಮಕ್ಕಳನ್ನು ಹೂಕುಂಡದ ಹಾಗೆ ಇಡುವುದು ನನಗೆ ಸರಿ ಕಾಣುವುದಿಲ್ಲ.

ಬೆಂದೂರು ಆಂಟಿ

ಮುಂಗೋಪಿಯವರೇ, ನಿಮ್ಮ ಸಿಟ್ಟು ನ್ಯಾಯದ್ದೇ. ಆದರೆ ತಪ್ಪಾದದ್ದು ನಡೆಸಿದ್ದರಿಂದ ಅಲ್ಲ, ಎಂಟು ಗಂಟೆ ಹಿಡಿದಿಟ್ಟದ್ದರಿಂದ. ಚರ್ಚ್ ಮುಗಿದ ಮೇಲೆ ಮಗುವಿನ ಡ್ಯೂಟಿ ಮುಗಿಯಿತು ಅಂತ ಮೊದಲೇ ಹೇಳಬಹುದು. ಹಾಲ್‌ನ ಗ್ರ್ಯಾಂಡ್ ಎಂಟ್ರಿಗೆ ದೊಡ್ಡ ಮಕ್ಕಳು ಸಾಕು. ಪಾಪರ್ ವಿಷಯ ನೂರಕ್ಕೆ ನೂರು ಸರಿ, ಅದನ್ನು ಕಾರ್ಯಕ್ರಮ ನಡೆಸಿಕೊಡುವ ಎಂ.ಸಿ. ಹತ್ತಿರ ಮೊದಲೇ ಕೇಳಬೇಕು. ಯಾರು ಸಿಡಿಸುತ್ತಾರೆ, ಯಾವಾಗ ಸಿಡಿಸುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಕ್ಯಾಮರಾ ಹೆಗಲು

ಹನ್ನೊಂದು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಕರಾವಳಿಯಲ್ಲಿ ಚರ್ಚ್ ಮದುವೆಗಳೂ ಬಹಳ ಮಾಡಿದ್ದೇನೆ. ಮುಂಗೋಪಿ ಅಪ್ಪ ಹೇಳಿದ್ದರಲ್ಲಿ ಅರ್ಧ ತಪ್ಪು ನಮ್ಮವರದೇ, ಒಪ್ಪಿಕೊಳ್ಳುತ್ತೇನೆ. "ಪಾಪೂ ಇಲ್ಲಿ ನೋಡು" ಅಂತ ಒಬ್ಬ, "ಬೇಬಿ ಸ್ಮೈಲ್" ಅಂತ ಇನ್ನೊಬ್ಬ, ಮೇಲಿಂದ ಡ್ರೋನ್. ದೊಡ್ಡವರಿಗೇ ಗಾಬರಿಯಾಗುತ್ತದೆ.

ಮಗು ನಡೆಯುವುದು ನಿಲ್ಲುವುದು ಹೆಚ್ಚಾಗಿ ಯಾಕೆ ಅಂದರೆ, ಒಂದೇ ಸಲ ಐದಾರು ಜನ ಕರೆಯುತ್ತಾರೆ. ಅಜ್ಜಿ ಎಡಗಡೆಯಿಂದ, ಮಾವ ಬಲಗಡೆಯಿಂದ, ಅಮ್ಮ ಎದುರಿಂದ. ಯಾರ ಹತ್ತಿರ ಹೋಗಬೇಕು ಅಂತ ತಿಳಿಯದೆ ನಿಂತುಬಿಡುತ್ತದೆ. ಬಾಗಿಲಲ್ಲಿ ಒಬ್ಬರು ಬಿಡಬೇಕು, ಮುಂದೆ ಒಬ್ಬರು ಕೈ ಚಾಚಿ ಕೂತಿರಬೇಕು. ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಮುಂದೆ ಇರುವವರು ನೆಲಕ್ಕೆ ಕುಕ್ಕರುಗಾಲಲ್ಲಿ ಕೂರಬೇಕು, ನಿಂತರೆ ಅಷ್ಟು ದೂರದಿಂದ ಮಗುವಿನ ಕಣ್ಣಿಗೆ ಬರೀ ಪ್ಯಾಂಟು ಸೀರೆಗಳೇ ಕಾಣುವುದು. ಐದಾರು ವರ್ಷದ ಇನ್ನೊಂದು ಹುಡುಗಿ ಕೈಹಿಡಿದು ಜೊತೆಗೆ ನಡೆದರೆ ಇನ್ನೂ ಸಲೀಸು.

ಗೌನ್ ವಿಷಯ. ನೆಲ ಮುಟ್ಟುವ ಗೌನ್ ಬೇಡವೇ ಬೇಡ. ಪಾದದ ಗಂಟಿನ ಮೇಲೆ ನಿಲ್ಲಬೇಕು. ಉದ್ದ ಇದ್ದರೆ ಮೆಟ್ಟಿಲಲ್ಲಿ ಮುಗ್ಗರಿಸುತ್ತದೆ, ನಾನೇ ಕ್ಯಾಮರಾ ಬಿಟ್ಟು ಹಿಡಿದದ್ದುಂಟು. ಒಳಗೆ ಹತ್ತಿಯ ಲೈನಿಂಗ್ ಹಾಕಿಸಿ. ಮುತ್ತುಗಳನ್ನು ಎಳೆದು ನೋಡಿ, ಕಿತ್ತು ಬರುವ ಹಾಗಿದ್ದರೆ ತೆಗೆಸಿಬಿಡಿ. ಮೂರು ವರ್ಷದೊಳಗಿನ ಮಕ್ಕಳಿಗೆ ಸಣ್ಣ ವಸ್ತು ಎಲ್ಲ ನೇರ ಬಾಯಿಗೇ. ಶೂ ಹೊಸದಾಗಿದ್ದರೆ ಒಂದು ವಾರ ಮನೆಯಲ್ಲಿ ಹಾಕಿ ಓಡಾಡಿಸಿ. ಚಿನ್ನದ ಸರ ಮನೆಯಲ್ಲೇ ಇರಲಿ, ಅದನ್ನು ಕಾಯುವುದೇ ನಿಮಗೊಂದು ಕೆಲಸ ಆಗುತ್ತದೆ.

ಮಗುವಿನ ಚೆನ್ನಾಗಿರುವ ಫೋಟೋ ಬೇಕಿದ್ದರೆ ಮೂರೂವರೆಗೆ, ಚರ್ಚ್ ಅಂಗಳದಲ್ಲಿ ಮರದ ನೆರಳಿನಲ್ಲಿ ಹತ್ತು ನಿಮಿಷ ಕೊಡಿ ಸಾಕು. ಇನ್‌ಸ್ಟಾಗ್ರಾಮ್‌ನಲ್ಲಿ ಮಗುವಿನ ಮುಖ ಬೇಡ ಅನ್ನುವುದಾದರೆ ಮೊದಲೇ ಹೇಳಿ. ಮದುಮಗಳಿಗೂ ಹೇಳಿ, ಫೋಟೋಗ್ರಾಫರ್‌ಗೂ ಹೇಳಿ. ರೀಲ್ ಹೊರಬಿದ್ದ ಮೇಲೆ ಹೇಳಿದರೆ ನಾವೇನು ಮಾಡೋಣ.

ಚಿನ್ನುವಿನಮ್ಮ

ಎಲ್ಲರಿಗೂ ಥ್ಯಾಂಕ್ಸ್. ಆಂಟಿ ಹೇಳಿದ ಹಾಗೆ ಫೋನ್ ಮಾಡಿದೆ. ಬಟ್ಟೆ ವಿಷಯ ಎತ್ತಿದ್ದೇ ತಡ, ಅವಳು ನಕ್ಕುಬಿಟ್ಟಳು. ಅಮ್ಮ ಆಗಲೇ ಬಟ್ಟೆ ತಂದು ಟೈಲರ್‌ಗೆ ಕೊಟ್ಟಾಗಿದೆಯಂತೆ, ನನಗೆ ಕಳಿಸಿದ ಫೋಟೋ ಬರೀ ಮಾದರಿಗೆ, ಅಳತೆ ಕೇಳುವುದನ್ನು ಮರೆತಿದ್ದಾಳೆ. ನಾನು ಮಾತ್ರ ಒಂದು ವಾರ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಅದೇ ಥರದ್ದು ಎಲ್ಲಿ ಕಡಿಮೆಗೆ ಸಿಗುತ್ತದೆ ಅಂತ ಸುತ್ತಿದ್ದೆ. ಉದ್ದ ಕಡಿಮೆ ಮಾಡಿಸಿ, ಮುತ್ತು ಬೇಡ ಅಂದೆ. ಆಯ್ತು ಅಂದಳು.

ಆದರೆ ಹೊಸ ಸಮಸ್ಯೆ. ಅವಳ ಅಕ್ಕ ಇಂಗ್ಲೆಂಡಿನಲ್ಲಿದ್ದಾಳೆ. ಮಕ್ಕಳು ಮದುಮಗಳ ಹಿಂದೆ ನಡೆಯಬೇಕು, ಅದೇ ಸರಿಯಾದ ಕ್ರಮ ಅನ್ನುತ್ತಾಳೆ. ಗೆಳತಿ ಮುಂದೆ ಅನ್ನುತ್ತಾಳೆ. ಚಿನ್ನು ಹಿಂದೆ ನಡೆದರೆ ಆ ಉದ್ದದ ವೇಲ್ ಮೇಲೆ ಕಾಲಿಟ್ಟೇ ಇಡುತ್ತಾಳೆ. ಇದರಲ್ಲಿ ಯಾರು ಸರಿ?

ಇನ್ನೊಂದು, ಶಿರಾಡಿ ಘಾಟಿಯಲ್ಲಿ ಅವಳಿಗೆ ವಾಂತಿ ಗ್ಯಾರಂಟಿ. ಹಿಂದಿನ ರಾತ್ರಿ ಹೊರಟರೆ ಸಾಕಾ?

ಎಡಿಸನ್‌ನಿಂದ ಮೂರ್ತಿ

ಇಬ್ಬರೂ ಸರಿ, ದೇಶ ಬೇರೆ ಅಷ್ಟೇ. ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಅಮೆರಿಕದಲ್ಲಿ ಬ್ರೈಡ್ಸ್‌ಮೇಡ್‌ಗಳೆಲ್ಲ ಮೊದಲು ಹೋಗುತ್ತಾರೆ, ಫ್ಲವರ್ ಗರ್ಲ್ ಮದುಮಗಳ ಮುಂದೆಯೇ ನಡೆಯುತ್ತಾಳೆ. ಇಂಗ್ಲೆಂಡಿನ ಹಳೆಯ ಕ್ರಮದಲ್ಲಿ ಮದುಮಗಳು ಅಪ್ಪನ ಕೈಹಿಡಿದು ಮೊದಲು ಬರುತ್ತಾಳೆ, ಮಕ್ಕಳು ಹಿಂದೆ. ರಾಜಮನೆತನದ ಮದುವೆಗಳನ್ನು ನೆನಪಿಸಿಕೊಳ್ಳಿ. 2018ರಲ್ಲಿ ವಿಂಡ್ಸರ್‌ನ ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ ಹ್ಯಾರಿ ಮತ್ತು ಮೇಗನ್ ಮದುವೆ ಆಯಿತಲ್ಲ, ಅವತ್ತು ಹತ್ತು ಮಕ್ಕಳಿದ್ದರು. ಅತಿ ಚಿಕ್ಕ ಮಗುವಿಗೆ ಎರಡು ವರ್ಷ. ಎಲ್ಲರೂ ಮದುಮಗಳ ಹಿಂದೆ. ಆದರೆ ಅಂಥ ಕಡೆ ಮಕ್ಕಳನ್ನು ಸುಧಾರಿಸಲು ದೊಡ್ಡವರು ಬೇಕಾದಷ್ಟು ಜನ ಇರುತ್ತಾರೆ, ನಮ್ಮಲ್ಲಿ ನಮ್ಮ ಪಾಡಿಗೆ ನಾವೇ.

2011ರಲ್ಲಿ ವಿಲಿಯಂ ಮತ್ತು ಕೇಟ್ ಮದುವೆಯ ಬಾಲ್ಕನಿ ಫೋಟೋ ಗೊತ್ತಲ್ಲ. ಮದುಮಕ್ಕಳು ಮುತ್ತು ಕೊಡುತ್ತಿದ್ದಾರೆ, ಪಕ್ಕದಲ್ಲಿ ಮೂರು ವರ್ಷದ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಮುಖ ಸಿಂಡರಿಸಿ ನಿಂತಿದೆ. ಬಕಿಂಗ್‌ಹ್ಯಾಮ್ ಅರಮನೆಯವರಿಗೇ ಮೂರು ವರ್ಷದ ಮಗುವನ್ನು ನಗಿಸಲು ಆಗಲಿಲ್ಲ, ನೀವು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ.

ಚಿನ್ನು ಮುಂದೆಯೇ ನಡೆಯಲಿ. ವೇಲ್ ಕಾರಣ ಹೇಳಿ, ಅಕ್ಕ ತಾನೇ ಒಪ್ಪುತ್ತಾಳೆ. ದುಡ್ಡಿನಲ್ಲೂ ಇದೇ ಗೊಂದಲ. ಇಲ್ಲಿನ ರೂಢಿಯಲ್ಲಿ ಗೌನ್ ಖರ್ಚು ಮಗುವಿನ ಅಪ್ಪ ಅಮ್ಮನದು, ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮದುವೆ ಮನೆಯವರದು. ನಮ್ಮ ಕನ್ನಡ ಕೂಟದಲ್ಲೇ ಒಬ್ಬರು ಅಮೆರಿಕನ್ ಸಹೋದ್ಯೋಗಿಯ ಮದುವೆಗೆ ಮಗಳನ್ನು ಒಪ್ಪಿಸಿ, ಗೌನ್ ಅವರೇ ಕೊಡುತ್ತಾರೆ ಅಂತ ಕೊನೆಯ ವಾರದವರೆಗೂ ಕಾದು ಕೂತಿದ್ದರು. ಆಮೇಲೆ ಓಡಾಡಿದ್ದು ನೋಡಬೇಕಿತ್ತು.

ಅಂದಹಾಗೆ ಇಲ್ಲಿ ಮದುವೆಯ ಹಿಂದಿನ ದಿನ ರಿಹರ್ಸಲ್ ಇರುತ್ತದೆ. ಅಲ್ಲಿ ಇದೆಯೋ ಕೇಳಿ. ಇಲ್ಲದಿದ್ದರೆ ಖಾಲಿ ಚರ್ಚಿಗೆ ಒಮ್ಮೆ ಕರೆದುಕೊಂಡು ಹೋಗಿ ಬನ್ನಿ, ಅಷ್ಟೇ ಸಾಕು.

ಮುಂಗೋಪಿ ಅಪ್ಪ

ಹೋಗುವುದೇ ಅಂತಾದರೆ ಘಾಟಿ ಬಗ್ಗೆ ಹೇಳುತ್ತೇನೆ. ಕಾರು ಬೇಡ. ಯಶವಂತಪುರದಿಂದ ಹಗಲು ರೈಲಿನಲ್ಲಿ ಹೋಗಿ, ಎರಡು ದಿನ ಮುಂಚೆ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವೆ 55 ಕಿಲೋಮೀಟರ್ ಘಾಟಿ, 57 ಸುರಂಗ. ನನ್ನ ಮಗಳು ಪ್ರತಿ ಸುರಂಗಕ್ಕೂ ಕೂಗು ಹಾಕಿದಳು, ವಾಂತಿಯ ನೆನಪೇ ಬರಲಿಲ್ಲ. ಮೇ ತಿಂಗಳಿಗೆ ಟಿಕೆಟ್ ಈಗಲೇ ಮಾಡಿ.

ಮತ್ತೆ ಬೆಂಗಳೂರಿನ ಮಕ್ಕಳಿಗೆ ಮಂಗಳೂರಿನ ಮೇ ಸೆಕೆ ಹೇಗಿರುತ್ತದೆ ಅಂತ ಗೊತ್ತಿಲ್ಲ. ಚರ್ಚ್ ಬಾಗಿಲವರೆಗೆ ಬನಿಯನ್ ಚಡ್ಡಿಯಲ್ಲೇ ಇರಲಿ. ಗೌನ್ ಅಲ್ಲಿ ಹಾಕಿ. ಬಿಳಿ ಬಟ್ಟೆ ಹಾಕಿದ ಮೇಲೆ ನೀರು, ಬಾಳೆಹಣ್ಣು ಬಿಟ್ಟು ಏನೂ ಕೊಡಬೇಡಿ. ಮಾವಿನ ಹಣ್ಣಿನ ಕಾಲ ಬೇರೆ.

ಕಳಸ ಹಿಡಿದವಳು

ಮುಂಗೋಪಿಯವರು ಬೇಡ ಬೇಡ ಅನ್ನುತ್ತಲೇ ಟಿಕೆಟ್ ತನಕ ಬಂದರು 😄

ಚಿನ್ನುವಿನಮ್ಮ

ಮದುವೆ ಮುಗಿಸಿ ನಿನ್ನೆ ವಾಪಸ್ ಬಂದೆವು. ಏನಾಯಿತು ಅಂತ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ರೈಲು ಚೆನ್ನಾಗಿತ್ತು. ಸುರಂಗ ಎಣಿಸುವುದು ಇಪ್ಪತ್ತಕ್ಕೆ ನಿಂತಿತು, ಅವಳಿಗೆ ಅಷ್ಟೇ ಬರುವುದು, ಆಮೇಲೆ ಮತ್ತೆ ಒಂದರಿಂದ. ರೋಸ್‌ಗೆ ಹೋದೆವು. ತೆಂಗಿನಹಾಲನ್ನು ಮದುಮಗಳ ಮೂಗಿಗೆ ಹಚ್ಚಿ, ಉಳಿದದ್ದನ್ನು ತಾನೇ ನೆಕ್ಕಿದಳು. ಹೇಳಿದ ಹಾಗೆ ಎಂಟೂವರೆಗೆ ಎದ್ದೆವು. ಮಾರನೇ ದಿನ ಬೆಳಿಗ್ಗೆ ಖಾಲಿ ಚರ್ಚ್ ತೋರಿಸಿಕೊಂಡು ಬಂದೆವು. ನಡು ದಾರಿಯಲ್ಲಿ ನಾಲ್ಕು ಸಲ ಓಡಿದಳು. ಮಧ್ಯಾಹ್ನ ಹನ್ನೆರಡೂವರೆಗೇ ಊಟ ಮಾಡಿಸಿ ಮಲಗಿಸಿ, ಮೂರಕ್ಕೆ ಎಬ್ಬಿಸಿದೆ. ಎಲ್ಲ ನಿಮ್ಮ ಪಾಠದ ಪ್ರಕಾರ.

ಯೋಜನೆ ಏನು ಗೊತ್ತಲ್ಲ. ಬಾಗಿಲಲ್ಲಿ ಅವಳ ಅಪ್ಪ, ಮುಂದೆ ಎರಡನೇ ಸಾಲಿನ ಪಕ್ಕ ಕುಕ್ಕರುಗಾಲಲ್ಲಿ ನಾನು, ನನ್ನ ಕೈಯಲ್ಲಿ ಒಣದ್ರಾಕ್ಷಿ ಡಬ್ಬಿ. ಜೊತೆಗೆ ನಡೆಯಲು ಮದುಮಗನ ಅಣ್ಣನ ಮಗಳು, ಆರು ವರ್ಷ. ಹಾಡು ಶುರುವಾಯಿತು. ಇಬ್ಬರೂ ಕೈಹಿಡಿದು ಬಂದರು. ಚಿನ್ನು ಎಷ್ಟು ಚೆನ್ನಾಗಿ ನಡೆಯುತ್ತಿದ್ದಳು ಅಂದರೆ ನನಗೆ ಗಂಟಲು ಕಟ್ಟಿತು. ಅರ್ಧ ದಾರಿಗೆ ಬಂದವಳು ನಿಂತಳು. ಅಲ್ಲಿ ಸಾಲಿನ ತುದಿಯಲ್ಲಿ ಒಬ್ಬರು ಅಜ್ಜಿ ಕೂತಿದ್ದರು, ಎಂಬತ್ತು ದಾಟಿರಬೇಕು, ಬಿಳಿ ಸೀರೆ, ಕೈಯಲ್ಲಿ ತಾಳೆಗರಿಯ ಬೀಸಣಿಗೆ. ಇವಳು ಹುಡುಗಿಯ ಕೈ ಬಿಡಿಸಿಕೊಂಡು, ಬುಟ್ಟಿಯನ್ನು ಅಜ್ಜಿಯ ಮಡಿಲಲ್ಲಿ ಇಟ್ಟು, ತಾನೂ ಹತ್ತಿ ಕೂತುಬಿಟ್ಟಳು!

ನಾನು ಒಣದ್ರಾಕ್ಷಿ ಡಬ್ಬಿ ಅಲ್ಲಾಡಿಸಿದೆ. ನನ್ನ ಕಡೆ ನೋಡಿದಳು. ಟಾಟಾ ಮಾಡಿದಳು. ನಾಮಕರಣದಲ್ಲಿ ಹೋಳಿಗೆಗೂ ಬಗ್ಗದ ಮಗು ಇದೇನಾ ಅಂತ ನನಗೇ ಅನುಮಾನ.

ಆರು ವರ್ಷದ ಹುಡುಗಿ ಒಂದು ಕ್ಷಣ ನಿಂತು, ಭುಜ ಕುಣಿಸಿ, ಒಬ್ಬಳೇ ಮುಂದೆ ಬಂದಳು. ಹಿಂದಿನಿಂದ ಮದುಮಗಳು ಅಪ್ಪನ ಜೊತೆ ಬಂದು ಅಜ್ಜಿಯ ಸಾಲಿನ ಹತ್ತಿರ ನಿಂತಳು. ಬೈಯುತ್ತಾಳೇನೋ ಅಂತ ನನ್ನ ಎದೆ ಡವಡವ. ಅವಳು ಬಗ್ಗಿ ಚಿನ್ನು ಕೆನ್ನೆ ತಟ್ಟಿ, ಅಜ್ಜಿಯ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು ಹೋದಳು. ಆಮೇಲೆ ಗೊತ್ತಾಯಿತು, ಅವರು ಅವಳ ಅಜ್ಜಿಯ ಗೆಳತಿಯಂತೆ, ಕಾಲು ನೋವು ಅಂತ ಬರುವುದಿಲ್ಲ ಅಂದಿದ್ದವರು.

ಪೂಜೆ ಪೂರ್ತಿ ಅಲ್ಲೇ ಕೂತಿದ್ದಳು. ನಾನು ಎರಡನೇ ಸಾಲಿನಲ್ಲಿ ಒಣದ್ರಾಕ್ಷಿ ತಿನ್ನುತ್ತಾ ಕೂತಿದ್ದೆ. ಅಜ್ಜಿಗೆ ಕನ್ನಡ ಅಷ್ಟಕ್ಕಷ್ಟೇ, ಇವಳಿಗೆ ಕೊಂಕಣಿ ಗೊತ್ತಿಲ್ಲ, ಆದರೂ ಇಬ್ಬರೂ ಏನೋ ಮಾತಾಡುತ್ತಲೇ ಇದ್ದರು. ಹಾಲ್‌ಗೆ ಹೋದೆವು, ಎಂಟ್ರಿಗೆ ಇವಳನ್ನು ಸೇರಿಸಲಿಲ್ಲ, ಪಾಪರ್ ಹೊತ್ತಿಗೆ ಹೊರಗೆ ಕರೆದುಕೊಂಡು ಹೋಗಿದ್ದೆ. ಎಂಟೂಕಾಲಿಗೆ ಅಡುಗೆಯವರನ್ನು ಕೇಳಿ ಅನ್ನ, ತಿಳಿಸಾರು ಹಾಕಿಸಿಕೊಂಡು ತಿನ್ನಿಸಿ ಹೊರಟೆವು. ಮುಯ್ಯಿ ಕವರ್ ಕೊಟ್ಟೆವು, ಅವಳು ಚಿನ್ನುಗೆ ಒಂದು ಪುಟ್ಟ ಬೊಂಬೆ ಕೊಟ್ಟಳು.

ಒಂದೇ ಒಂದು ಎಡವಟ್ಟು. ರೂಮಿಗೆ ಬಂದು ಬ್ಯಾಗ್ ಬಿಚ್ಚಿದರೆ ಅಜ್ಜಿಯ ಬೀಸಣಿಗೆ ನಮ್ಮ ಹತ್ತಿರ ಇದೆ. ಬುಟ್ಟಿ ಅವರ ಹತ್ತಿರವೇ ಉಳಿದಿದೆ. ಕೊರಿಯರ್ ಮಾಡಲಾ, ಏನು ಮಾಡಲಿ? ಅವರ ವಿಳಾಸ ಗೆಳತಿಯನ್ನೇ ಕೇಳಬೇಕು, ಅವಳು ಈಗ ಹನಿಮೂನ್‌ನಲ್ಲಿದ್ದಾಳೆ.

ಬೆಂದೂರು ಆಂಟಿ

ಎಂತ ಕೊರಿಯರ್ ಮಾರಾಯ್ತಿ. ಬುಟ್ಟಿ ಅವರಲ್ಲಿ ಉಂಟಲ್ಲ, ಲೆಕ್ಕ ಸರಿಯಾಯಿತು. ಮುಂದಿನ ಸಲ ಮಂಗಳೂರಿಗೆ ಬಂದಾಗ ಮಗುವನ್ನು ಕರೆದುಕೊಂಡು ಹೋಗಿ ಕೈಯಲ್ಲೇ ಕೊಡಿ. ಮಳೆಗಾಲ ಬಿಟ್ಟು ಬನ್ನಿ. ಅಷ್ಟರ ತನಕ ಅವರಿಗೂ ಬೀಸಣಿಗೆ ಬೇಕಾಗುವುದಿಲ್ಲ.

ಮುಂಗೋಪಿ ಅಪ್ಪ

ರೈಲಿನಲ್ಲಿ ಬಲಗಡೆ ಸೀಟಾ, ಎಡಗಡೆ ಸೀಟಾ? ನಾವೂ ಒಂದು ಮದುವೆಗೆ ಹೋಗುವುದಿದೆ.